ತಂಪು ಇಳಿಯದ ಫ್ರಿಜ್

ಬೈಲಹೊಂಗಲದ ಮಾರುಕಟ್ಟೆ ಪ್ರಾಂಗಣದಲ್ಲಿ ಕಡಲೆಯ ಹರಾಜು ಶುರುವಾಗಿತ್ತು. ಕೂಗುವವನ ದನಿ ಏರುತ್ತ ಇಳಿಯುತ್ತ ಹಿಂದಿನ ಓಣಿಯವರೆಗೂ ಬರುತ್ತಿತ್ತು. ಪದ್ಮಜಾಳ ಲಕ್ಷ್ಯ ಅತ್ತ ಇರಲಿಲ್ಲ. ಫ್ರಿಜ್ಜಿನ ಕೆಳಗಿನ ಬಾಗಿಲು ತೆರೆದು, ಸ್ಟೀಲ್ ಡಬ್ಬಿಗೆ ಅಂಗೈ ಹಚ್ಚಿ ನಿಂತಿದ್ದಳು. ಡಬ್ಬಿ ಬೆಚ್ಚಗಿತ್ತು.

ಒಳಗೆ ಐದು ಕಿಲೋ ಚಕ್ಕಾ. ಅರಿವೆಯಲ್ಲಿ ಕಟ್ಟಿ ನೀರು ಬಸಿದ ಆ ಮೊಸರಿಗೆ ಸಕ್ಕರೆ ಕೂಡಿಸಿ ತಿಕ್ಕಿದರೆ ಶ್ರೀಖಂಡ. ನಾಳೆ ಮುರಗೋಡದಲ್ಲಿ ತ್ರ್ಯಂಬಕಭಟ್ಟರ ಮೊಮ್ಮಗನ ಮುಂಜಿ. ಹತ್ತು ವರ್ಷ ಮನೆಯವರಿಗಷ್ಟೇ ಬಡಿಸಿದ್ದನ್ನು ಪದ್ಮಜಾ ಈ ವರ್ಷ ಊರಿಗೆ ಬಡಿಸಲು ಹೊರಟಿದ್ದಳು. ಇದು ಮೊದಲ ದೊಡ್ಡ ಪಂಕ್ತಿ. ಎಲೆಯ ಮುಂದೆ ಕೂತವರು ಮುಖ ಕಿವುಚಿದರೆ ಸುತ್ತಲಿನ ಹತ್ತೂರಲ್ಲಿ ಮತ್ತೆ ಯಾರೂ ಅಡುಗೆಗೆ ಅವಳಿಗೆ ಹೇಳಿಕಳಿಸುವುದಿಲ್ಲ.

ರಿಪೇರಿಯ ಬಸವಲಿಂಗ ಬಂದು ಫ್ರಿಜ್ಜಿಗೆ ಕಿವಿ ಹಚ್ಚಿದ.

“ಕಂಪ್ರೆಸರ್ ಹೋಗೈತ್ರಿ ವೈನಿ. ಹನ್ನೊಂದ ವರ್ಷ ದುಡದೈತಿ, ಪೆನ್ಶನ್ ಕೊಟ್ಟ ಕಳಸ್ರಿ. ನಮ್ಮ ಅಳಿಯನ ಅಂಗಡ್ಯಾಗ ಹೊಸಾದು ಐತಿ, ಸಂಜಿಕ ತಂದ ನಿಂದ್ರಸ್ತಾನ.”

ಪದ್ಮಜಾ ಮೇಲಿನ ಬಾಗಿಲು ತೆರೆದಳು. ತಟ್ಟೆಯಲ್ಲಿನ ಬರ್ಫ ಕರಗದೆ ಕಲ್ಲಿನಂತಿತ್ತು.

“ಕಂಪ್ರೆಸರ್ ಹೋಗಿದ್ರ ಇದು ಹೆಂಗ ನಿಂತದಪಾ?”

ಬಸವಲಿಂಗ ಕುತ್ತಿಗೆ ಕೆರೆದುಕೊಂಡ. “ಹೌದಲ್ರಿ. ತಂಪು ಹುಟ್ಟಾಕತ್ತೈತಿ, ಕೆಳಗ ಇಳಿವಲ್ದು.”

ಮೇಲಿನ ಖಾನೆಯ ಹಿಂದಿನ ಮುಚ್ಚಳ ಬಿಚ್ಚಿದ. ಪುಟ್ಟ ಫ್ಯಾನಿಗೆ ಒಣಹುಲ್ಲು ಸುತ್ತಿಕೊಂಡಿತ್ತು.

“ಇದೇನ್ರಿ, ಫ್ರಿಜ್ಜಿಗೆ ಮೇವು ಹಾಕೀರೇನು?”

ಬಾಗಿಲಲ್ಲಿ ಅತ್ತೆ ಗಂಗೂಬಾಯಿ ಚೌಕಟ್ಟು ಹಿಡಿದು ನಿಂತಿದ್ದರು. ಆ ಹುಲ್ಲು ದರ್ಭೆ. ಹೋದ ವಾರ ಗ್ರಹಣಕ್ಕೆಂದು ಉಪ್ಪಿನಕಾಯಿ ಭರಣಿ, ನೀರಿನ ಕೊಡ, ಹಾಲು ಎಲ್ಲಕ್ಕೂ ಒಂದೊಂದು ಎಳೆ ಇಟ್ಟಿದ್ದರು. ಗ್ರಹಣ ಬಿಟ್ಟ ಮೇಲೆ ಪದ್ಮಜಾ ಕಂಡಷ್ಟನ್ನೂ ತೆಗೆದಿದ್ದಳು.

“ಒಂದೊಂದ ಡಬ್ಬಿಗೆ ಎಷ್ಟಂತ ಇಡೋದು,” ಎಂದರು ಗಂಗೂಬಾಯಿ ಮೆಲ್ಲಗೆ. “ಗಾಳಿ ಬರೋ ಸಂದ್ಯಾಗ ತುರುಕಿದ್ರ ಎಲ್ಲಾದಕ್ಕೂ ತಾಕ್ತದ ಅಂದ್ಕೊಂಡೆ.”

ಬಸವಲಿಂಗ ನಗಲು ಬಾಯಿ ತೆರೆದವನು ಪದ್ಮಜಾಳ ಮುಖ ನೋಡಿ ಫ್ಯಾನಿನತ್ತ ತಿರುಗಿದ. ಹುಲ್ಲು ಕಿತ್ತು ಕರೆಂಟು ಕೊಟ್ಟ. ಫ್ಯಾನು ಒಮ್ಮೆ ನಡುಗಿ ನಿಂತಿತು.

“ಫ್ಯಾನಿನ ಮೋಟರ್ ಸುಟ್ಟೈತ್ರಿ. ಬೆಳಗಾವಿಯಿಂದ ಸಂಜಿ ಬಸ್ಸಿಗೆ ತರಸ್ತೇನಿ. ಹೊಸಾ ಫ್ರಿಜ್ ಬ್ಯಾಡ್ರಿ ಹಂಗಾರ.”

“ನಿಮ್ಮ ಅಳಿಯಗ ಬ್ಯಾಸರಾದೀತು.”

“ಅಂವಗ ದಿನಾ ಬ್ಯಾಸರಾನ ಬಿಡ್ರಿ.”

ಪದ್ಮಜಾ ಡಬ್ಬಿಯ ಮುಚ್ಚಳ ತೆಗೆದು, ಬೆರಳ ತುದಿಯಷ್ಟು ಚಕ್ಕಾ ನಾಲಿಗೆಗೆ ಹಚ್ಚಿದಳು. ಹುಳಿ ನಾಲಿಗೆಯ ಬುಡಕ್ಕೇ ಚುಚ್ಚಿತು.

ಗಂಗೂಬಾಯಿ ಹತ್ತಿರ ಬಂದರು. “ಸಕ್ಕರಿ ಜಾಸ್ತಿ ಹಾಕು, ಯಾಲಕ್ಕಿ ಹಾಕು. ಯಾರಿಗೂ ತಿಳಿಯೂದಿಲ್ಲ.”

“ನನಗ ತಿಳೀತಲ್ಲ, ಅತ್ತ್ಯಾ.”

ಅವಳು ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂಕಾಲು. ಈಗಲೇ ಹಾಲು ಕಾಸಿ ಹೆಪ್ಪು ಹಾಕಿದರೆ ಈ ಬಿಸಿಲಿಗೆ ಇಳಿಹೊತ್ತಿಗೆ ಮೊಸರು; ರಾತ್ರಿಯೆಲ್ಲ ಅರಿವೆಯಲ್ಲಿ; ನಸುಕಿಗೆ ತಿಕ್ಕಿ ಮೊದಲ ಬಸ್ಸು. ಒಂದು ತಾಸು ತಪ್ಪಿದರೂ ಮುಗಿಯಿತು. ಬೆಳಗಿನ ಹಾಲು ಈ ಹೊತ್ತಿಗೆ ಯಾರ ಮನೆಯಲ್ಲಿ ಉಳಿದೀತು?

ಎರಡು ಕ್ಯಾನು ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು.

“ಅತ್ತ್ಯಾ, ದೊಡ್ಡ ಪಾತೇಲಿ ತೊಳದ ಇಡ್ರಿ. ಯಮನಪ್ಪನ ಮನ್ಯಾಗ ಎಮ್ಮಿ ಹಾಲು ಇದ್ರ ಇತ್ತು, ಇಲ್ಲಂದ್ರ ಹಂಗ ಮುಂದ ಹಾಲಿನ ಸಂಘಕ್ಕ ಹೋಗಿ, ಅಲ್ಲೂ ಇಲ್ಲಂದ್ರ ನಾನು…” ಎನ್ನುತ್ತಲೇ ಮೆಟ್ಟಿಲಿಳಿದು, ಓಣಿಯ ತಿರುವಿನಾಚೆ ಮರೆಯಾದಳು.