ಮೂರು ಜಾಝ್ ರೆಕಾರ್ಡು, ಒಂದು ಸೈಡ್ ಡ್ರಮ್ಮು

ಇವತ್ತು ಬೆಳಿಗ್ಗೆಯಿಂದ ಮಾಡಿದ್ದು ಇಷ್ಟು. ಅಕ್ಕಿಯಲ್ಲಿ ಕಲ್ಲು ಆರಿಸಿದೆ. ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಮಧ್ಯೆ ಒಮ್ಮೆ ತಿರುವಿದೆ. ಹಸಿ ಕಡಲೆಕಾಯಿ ಬೇಯಿಸಿದೆ. ಅತ್ತೆಯ ಕಾಲಿಗೆ ಎಣ್ಣೆ ಹಚ್ಚಿದೆ. ಮಧ್ಯಾಹ್ನ ಮೂರರ ಹೊತ್ತಿಗೆ, ಹದಿನೈದು ದಿನದಿಂದ ಒಬ್ಬರಿಗೆ ನಾನೇ ಅನ್ಯಾಯ ಮಾಡುತ್ತಿದ್ದೇನೆ ಎಂದು ಗೊತ್ತಾಯಿತು.

ಕೊನೆಯದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿರುವ ನನ್ನ ಮೈದುನ ಚಂದ್ರು, ಅಲ್ಲಿ ಜಾಗವಿಲ್ಲವೆಂದು ರೇಡಿಯೋ, ರೆಕಾರ್ಡು ಎರಡೂ ಹಾಡುವ ತನ್ನ ರೇಡಿಯೋಗ್ರಾಮನ್ನು ಶಿರಾದ ನಮ್ಮ ಮನೆಯಲ್ಲಿಟ್ಟಿರುವುದು ನಿಮಗೆ ಹಳೆಯ ಸುದ್ದಿ. (ಅದರ ಮೇಲೆ ನಾನು ಹಪ್ಪಳದ ಡಬ್ಬ ಇಡುತ್ತೇನೆ ಎಂಬುದು ಅವನಿಗೆ ಹೊಸ ಸುದ್ದಿ.) ದೀಪಾವಳಿ ಕಳೆದ ಮೇಲೆ ಅವನು ಪೂನಾ ರಸ್ತೆಯ ಲಾರಿಯವರ ಕೈಯಲ್ಲಿ ಮೂರು ದೊಡ್ಡ ರೆಕಾರ್ಡು ಕಳಿಸಿದ. ಹೋಟೆಲಿನಲ್ಲಿ ಇಳಿದಿದ್ದ ಯಾರೋ ಅಮೆರಿಕದವರು ಕೊಟ್ಟು ಹೋದದ್ದಂತೆ. ಜಾಝ್ ಸಂಗೀತ. ಜೊತೆಗೊಂದು ಚೀಟಿ: "ಅತ್ತಿಗೆ, ಹಾಡು ಹುಡುಕಬೇಡಿ. ಡ್ರಮ್ ಕೇಳಿ."

ಕೇಳಿದೆ. ನೀಲಿ ರಟ್ಟಿನದರಲ್ಲಿ ಡ್ರಮ್ಮನ್ನು ಬಡಿಯುವುದೇ ಇಲ್ಲ, ತಂತಿಯ ಪೊರಕೆಯಂಥದ್ದರಿಂದ ಸವರುತ್ತಾರೆ. ಮೊರದಲ್ಲಿ ಕಡಲೆಬೀಜ ಕೇರಿದ ಸದ್ದು. ಹಳದಿ ರಟ್ಟಿನದರಲ್ಲಿ ಕಂಚಿನ ತಟ್ಟೆಯದೇ ಕಾರುಬಾರು. ಕೊಂಬು ಊದುವವನು ಎಲ್ಲಿಗೆ ಅಲೆದರೂ ಆ ತಟ್ಟೆ ಅವನ ಬೆನ್ನು ಬಿಡುವುದಿಲ್ಲ. ಕಪ್ಪು ರಟ್ಟಿನದರಲ್ಲಿ ಮಿಕ್ಕವರೆಲ್ಲ ಸುಮ್ಮನಾಗಿ, ಡ್ರಮ್ಮಿನವನೊಬ್ಬನೇ ಉಳಿಯುತ್ತಾನೆ. ಒಂದು ಅನ್ನ ಬಸಿಯುವಷ್ಟು ಹೊತ್ತು ಬರೀ ಅವನೇ. ಮೂರರಲ್ಲಿ ಕೇಳಲೇಬೇಕಾದದ್ದು ಕಪ್ಪು ರಟ್ಟಿನದು. ಇದು ನನ್ನ ತೀರ್ಪಲ್ಲ, ಬುಡೇನ್ ಸಾಬರದು.

ಬುಡೇನ್ ಸಾಬರು ಹಗಲು ಪಾತ್ರೆಗೆ ಕಲಾಯಿ ಹಾಕುತ್ತಾರೆ. ಮದುವೆ ಕಾಲ ಬಂತೆಂದರೆ ಬ್ಯಾಂಡ್‌ಸೆಟ್ಟಿನಲ್ಲಿ ಸೈಡ್ ಡ್ರಮ್ಮು. ಮಧುಗಿರಿಯಿರಲಿ, ಪಾವಗಡವಿರಲಿ, ದಿಬ್ಬಣದ ಮುಂದಿನ ಸಾಲು ಅವರದು. ಅವತ್ತು ನಮ್ಮ ಹಿತ್ತಲಲ್ಲಿ ತಾಮ್ರದ ಕೊಳಗಕ್ಕೆ ತವರ ಸವರುತ್ತಿದ್ದವರು, ಒಳಗಿನಿಂದ ಕಪ್ಪು ರಟ್ಟಿನ ಡ್ರಮ್ಮು ಕೇಳಿ ಕೈ ನಿಲ್ಲಿಸಿಬಿಟ್ಟರು. ತವರ ಅರ್ಧಕ್ಕೇ ಗಟ್ಟಿಯಾಯಿತು.

"ಅಮ್ಮಾ, ಇದು ಬಾರಿಸ್ತಿರೋದು ಆದ್ಮೀನಾ, ಮಿಶಿನ್ನಾ?"

"ಮನುಷ್ಯನೇ ಅಂತೆ, ಸಾಬ್ರೇ."

"ತೋಬಾ! ಎಷ್ಟು ಕೈ ಅವ್ನಿಗೆ?"

ಹಿಂದೆಯೇ ಅವರ ಸಂಕಟವೂ ಹೊರಬಂತು. ಬ್ಯಾಂಡಿನ ಮೇಸ್ತ್ರಿ ಮಧುಗಿರಿಯಿಂದ ಹೊಸಬನೊಬ್ಬನನ್ನು ಕರೆಸುತ್ತಿದ್ದಾರೆ. "ನಿಮ್ಮ ಕೈ ನಿಧಾನ ಆಗೈತೆ ಸಾಬ್ರೇ. ಹದಿನೈದು ದಿನ ಬುಟ್ಟು ಇಬ್ರೂ ಬಾರ್ಸಿ. ಗೆದ್ದೋನು ಕೊರಟಗೆರೆ ಮದ್ವೆಗೆ, ಇನ್ನೊಬ್ಬ ಮನೆಗೆ" ಎಂದಿದ್ದಾರೆ. ಮೂವತ್ತು ವರ್ಷ ಬಾರಿಸಿದವರಿಗೆ!

ಅವತ್ತಿನಿಂದ ದಿನಾ ಮಧ್ಯಾಹ್ನ ಅವರು ನಮ್ಮ ಜಗಲಿಗೆ ಹಾಜರು. ನಾನು ಕಪ್ಪು ರಟ್ಟಿನದನ್ನು ಹಾಕುತ್ತಿದ್ದೆ. ಅವರು ಕೊಳಗ ಬೋರಲು ಹಾಕಿ, ಗೋಣಿಪಟ್ಟೆ ಹೊದಿಸಿ, ಡ್ರಮ್ಮಿನ ಕಡ್ಡಿಗಳಿಂದ ಬಾರಿಸುತ್ತಾ ಆ ಅಮೆರಿಕದವನ ಬೆನ್ನು ಹತ್ತುತ್ತಿದ್ದರು. ಅರ್ಧದವರೆಗೆ ಸರಿಸಮ. ಕೊನೆಯ ಓಟದಲ್ಲಿ ಹಿಂದೆ ಬೀಳುತ್ತಿದ್ದರು. ಮಣಿಕಟ್ಟು ಊದಿಕೊಂಡಿತು; ಹರಳೆಣ್ಣೆ ಬಿಸಿಮಾಡಿ ಕೊಟ್ಟೆ. ಅತ್ತೆ ಒಳಗಿನಿಂದಲೇ ಬೈದರು: "ಅವಯ್ಯಂಗೆ ವಯಸ್ಸಾಗೈತೆ. ನಿಂಗೆ ಬುದ್ಧಿ ಬ್ಯಾಡ್ವಾ?"

ಇವತ್ತು ಸಂಜೆ ಮೇಸ್ತ್ರಿಯ ಪರೀಕ್ಷೆ. ಮೂರಕ್ಕೆ ಬಂದ ಸಾಬರು ಕೊಳಗ ಮುಟ್ಟಲಿಲ್ಲ.

"ಆಗಲ್ಲ ಕಣಮ್ಮ. ಕೊನೇಲಿ ಅವ್ನು ಹೊಂಟೋಯ್ತಾನೆ, ನಾನು ನಿಂತೋಯ್ತೀನಿ. ಮೇಸ್ತ್ರಿ ಕೈಗೆ ಕಡ್ಡಿ ಕೊಟ್ಬುಟ್ಟು ಬತ್ತೀನಿ. ಸೋತು ಬರಾದಕ್ಕಿಂತ ಅದೇ ಇಜ್ಜತ್ತು."

ಕೊನೆಯ ಸಲ ಕೇಳಿಹೋಗಲಿ ಎಂದು ರೆಕಾರ್ಡು ಹಾಕಿದೆ. ನಿನ್ನೆ ತಾನೇ ರಜೆಗೆ ಬಂದು ಒಳಗೆ ಮಲಗಿದ್ದ ಚಂದ್ರು, ಪಂಚೆ ಬಿಗಿದುಕೊಳ್ಳುತ್ತಾ ಓಡಿಬಂದ.

"ಅತ್ತಿಗೆ, ಇದ್ಯಾಕೆ ಹಿಂಗೆ ಓಡ್ತಾ ಐತೆ? ಸ್ಪೀಡ್ ಎಷ್ಟಕ್ಕಿಟ್ಟಿದ್ದೀರಿ?"

"ಯಾವ ಸ್ಪೀಡೋ?"

ಅವನು ಸ್ಪೀಡಿನ ಗುಂಡಿ ಹುಡುಕಿದ. ಕಂಡರೆ ತಾನೇ? ಈ ಸಲದ ಆಯುಧಪೂಜೆಯಲ್ಲಿ ಅತ್ತೆ ಅದಕ್ಕೆ ಮೂರು ಬೆರಳಿನಿಂದ ದಪ್ಪಗೆ ವಿಭೂತಿ ಬಳಿದು ಕುಂಕುಮ ಇಟ್ಟಿದ್ದರು. ಪೂಜೆಯಾದದ್ದನ್ನು ಒರೆಸುವ ಪದ್ಧತಿ ನಮ್ಮಲ್ಲಿಲ್ಲ, ತಾನಾಗಿ ಉದುರಬೇಕು. ಅಂಕಿಗಳೆಲ್ಲ ಅದರಡಿ ಮುಚ್ಚಿಹೋಗಿ, ಗುಂಡಿ ನಮ್ಮ ಚಿಕ್ಕ ಸಿನಿಮಾ ರೆಕಾರ್ಡುಗಳ ನಲವತ್ತೈದರ ಮೇಲೆಯೇ ಕೂತಿತ್ತು. ದೊಡ್ಡ ರೆಕಾರ್ಡಿಗೆ ಬೇಕಾದದ್ದು ನಿಮಿಷಕ್ಕೆ ಮೂವತ್ತಮೂರೇ ಸುತ್ತು. ಕೊಂಬು ಕೀರಲು ಕೀರಲಾಗಿ ಕೇಳಿಸಿದ್ದೇನೋ ನಿಜ. ಜಾಝ್ ಎಂದರೆ ಹಾಗೆಯೇ ಎಂದುಕೊಂಡಿದ್ದೆ. ಶಿರಾದಲ್ಲಿ ಯಾರನ್ನು ಕೇಳುವುದು?

ಚಂದ್ರು ಉಗುರಿನಿಂದ ಕೆರೆದ. ಗುಂಡಿ ತಿರುಗಿತು. ಡ್ರಮ್ಮಿನವನು ಓಡುವುದನ್ನು ಬಿಟ್ಟು ನಡೆಯತೊಡಗಿದ.

ಸಾಬರು ನಗಲಿಲ್ಲ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮುಗಿದ ಮೇಲೆ ಮೆಲ್ಲಗೆ ಅಂದರು: "ಅಂಗಾರೆ ಅವ್ನಿಗೂ ಎರಡೇ ಕೈ."

ತಪ್ಪಾಯಿತು ಎಂದೆ.

"ಬುಡೀಮ್ಮ. ಈ ಮಿಶಿನ್ನು ಸುಳ್ಳು ಹೇಳ್ದೆ ಇದ್ದಿದ್ರೆ ನಾನು ಇಷ್ಟು ಓಡ್ತಿದ್ನಾ?" ಕಡ್ಡಿಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟರು. ಕೊಟ್ಟುಬರಲು ಅಲ್ಲ, ಬಾರಿಸಲು.

ಓರಗಿತ್ತಿಯ ಸಂಡಿಗೆ, ಎದುರುಮನೆಯ ಮಗುವಿನ ಮಾರ್ಕು, ಯಾರದೋ ಸೊಸೆಯ ಚುರುಕುತನ. ಇವುಗಳ ಪಕ್ಕ ನಿಂತು ನಮ್ಮನ್ನು ನಾವು ಅಳೆದುಕೊಳ್ಳುತ್ತೇವಲ್ಲ, ಆ ರೆಕಾರ್ಡು ಯಾವ ಸ್ಪೀಡಿನಲ್ಲಿ ತಿರುಗುತ್ತಿದೆ ಎಂದು ನೋಡಿದವರು ಎಷ್ಟು ಜನ? ನಾನಂತೂ ನೋಡಿದವಳಲ್ಲ.

ಕತ್ತಲಾದ ಮೇಲೆ ನಮ್ಮ ಯಜಮಾನರು ಕಡಲೆಕಾಯಿ ಮಂಡಿಯಿಂದ ಬರುವಾಗ ಸುದ್ದಿ ತಂದರು. ಮೊದಲು ಮಧುಗಿರಿಯವನು ಬಾರಿಸಿದನಂತೆ. ಚೆನ್ನಾಗಿಯೇ ಬಾರಿಸಿದನಂತೆ. ಆಮೇಲೆ ಸಾಬರು. ಮೇಸ್ತ್ರಿ ಅರ್ಧಕ್ಕೇ ಕೈ ಎತ್ತಿ, "ಸಾಕು ನಿಲ್ಸಿ ಸಾಬ್ರೇ! ಹಿಂಗೆ ಬಾರ್ಸಿದ್ರೆ ಮದ್ವೆಗಂಡು ಓಡ್ಬೇಕಾಯ್ತದೆ" ಎಂದರಂತೆ. ಕೊರಟಗೆರೆಗೆ ಸಾಬರೇ.

"ಆ ಇನ್ನೊಬ್ಬ?" ಎಂದು ಕೇಳಿದೆ.

"ಬಸ್‌ಸ್ಟ್ಯಾಂಡಲ್ಲಿ ನೋಡ್ದೆ. ಎರಡು ಮಕ್ಕಳ ತಂದೆಯಂತೆ. ಕೊನೇ ಬಸ್ಸು ಹೊಂಟೋಗಿತ್ತು. ಸುಮ್ನೆ ಕೂತಿದ್ದ."

ಊಟಕ್ಕೆ ರಾಗಿಮುದ್ದೆ, ಹುರುಳಿಕಾಳಿನ ಸಾರು, ಒಂದೊಂದು ಲೋಟ ಮಜ್ಜಿಗೆ. ಚಂದ್ರು ಎರಡು ಮುದ್ದೆ ಮುಗಿಸಿದ. ಮೊದಲು ಮಲಗಿದ್ದು ಅತ್ತೆ. ಆಮೇಲೆ ಚಂದ್ರು. ಆಮೇಲೆ ಇವರು.

ಮಧುಗಿರಿಯವನು ಏನು ತಿಂದನೋ, ಎಲ್ಲಿ ಮಲಗಿದನೋ?