ಎಂತ ವಿಶೇಷ?

ನಮ್ಮ ಕಡೆಯ ಕನ್ನಡದಲ್ಲಿ 'ವಿಶೇಷ' ಎಂಬ ಒಂದು ಪದ ಉಂಟು. ಅದನ್ನು ಯಾರಾದರೂ ನಿಷೇಧಿಸಬಾರದೇ ಎಂದು ನನಗೆ ಎಷ್ಟೋ ಸಲ ಅನಿಸಿದೆ. ದುಬೈಯ ಕರಾಮದ ಹೋಟೆಲಿನಲ್ಲಿ ಬನ್ಸ್ ತಿನ್ನುವಾಗ ಉಡುಪಿ ಕಡೆಯವರು ಸಿಕ್ಕಿ 'ಎಂತ ವಿಶೇಷ?' ಎಂದರೆ ಹೇಗಿದ್ದೀರಿ ಎಂದಷ್ಟೇ ಅರ್ಥ. 'ಎಂತ ಇಲ್ಲ' ಎಂದರೆ ಮಾತು ಮುಗಿಯಿತು. ಅದೇ ಮನುಷ್ಯರ ಹೆಂಡತಿ ದನಿ ತಗ್ಗಿಸಿ, ನನ್ನ ಹೊಟ್ಟೆಯ ಕಡೆಗೊಮ್ಮೆ ನೋಡಿ 'ವಿಶೇಷ ಉಂಟಾ?' ಎಂದರೆ ಬಸಿರೇ ಎಂದು ಅರ್ಥ. ಎರಡಕ್ಕೂ ನನ್ನ ಉತ್ತರ ಒಂದೇ. ಮೊದಲಿನವರು ನಕ್ಕು ಹೋಗುತ್ತಾರೆ. ಎರಡನೆಯವರು ಹೋಗುವುದಿಲ್ಲ, ನನಗಾಗಿ ಪ್ರಾರ್ಥಿಸುವುದಾಗಿ ಹೇಳಿ ಅಲ್ಲೇ ಕುರ್ಚಿ ಎಳೆದುಕೊಳ್ಳುತ್ತಾರೆ.

ಮದುವೆಯಾಗಿ ಎಷ್ಟು ವರ್ಷವಾಯಿತು ಎಂಬ ಲೆಕ್ಕ ನಾನು ಇಟ್ಟಿಲ್ಲ. ಇಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ದುಬೈಯ ಒಂದು ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕಾಗದಗಳನ್ನು ನೋಡಿಕೊಳ್ಳುತ್ತೇನೆ, ಉಳಿದ ಹೊತ್ತಿನಲ್ಲಿ ಕಥೆ ಬರೆಯುತ್ತೇನೆ. ಗಂಡನ ಕಚೇರಿ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ. ವಾರದ ಕೊನೆಗೆ ಬಸ್ಸಿನಲ್ಲಿ ಬರುತ್ತಾನೆ, ಕೈಯಲ್ಲಿ ಯಾವಾಗಲೂ ತಿನ್ನುವ ಏನಾದರೊಂದರ ಎರಡು ಪೊಟ್ಟಣ ಇರುತ್ತವೆ. ಎರಡೂ ನನಗೇ. ಡಾಕ್ಟರುಗಳ ಕಾಲ ನಮ್ಮ ಮಟ್ಟಿಗೆ ಮುಗಿದಿದೆ, ಅದನ್ನಿಲ್ಲಿ ಬರೆಯುವುದಿಲ್ಲ. ಮಗುವನ್ನು ಕೊಡು ಎಂದು ದೇವರನ್ನು ಕೇಳುವುದನ್ನೂ ನಾನು ಬಿಟ್ಟಿದ್ದೇನೆ. ಆದರೆ ಪ್ರಾರ್ಥನೆ ನಿಂತಿಲ್ಲ. ಕೇಳುವುದು ನಿಂತ ಮೇಲೂ ಪ್ರಾರ್ಥನೆ ಹೇಗೆ ಉಳಿಯುತ್ತದೆ ಎಂದು ಯಾರಿಗೂ ವಿವರಿಸಲು ನನ್ನಿಂದ ಆಗಿರಲಿಲ್ಲ. ಆ ನಾಟಕ ಬರೆಯಲು ಒಪ್ಪಿದ್ದು ಅದಕ್ಕೇ ಇರಬೇಕು. ಅಥವಾ ಟೀಚರ್‌ಗೆ ಇಲ್ಲ ಎನ್ನಲು ಧೈರ್ಯ ಸಾಲದೆ ಒಪ್ಪಿ, ಈ ಕಾರಣವನ್ನು ಆಮೇಲೆ ಹುಡುಕಿಕೊಂಡೆನೋ ಏನೋ.

ಟೀಚರ್ ಎಂದರೆ ನಮ್ಮ ಕನ್ನಡ ಕ್ರೈಸ್ತ ಸಭೆಯ ಹೆಂಗಸರ ಕೂಟದ ಯಜಮಾನಿ. ಇಲ್ಲಿನ ಶಾಲೆಯೊಂದರಲ್ಲಿ ಕಲಿಸಿ ನಿವೃತ್ತರಾದವರು. ಕಲಿಸುವುದನ್ನು ಮಾತ್ರ ಬಿಟ್ಟಿಲ್ಲ. ಚರ್ಚ್ ಕಾಂಪೌಂಡಿನ ಒಂದು ಹಾಲ್‌ನಲ್ಲಿ ನಮ್ಮ ಆರಾಧನೆ ನಡೆಯುತ್ತದೆ. ನಮಗಿಂತ ಮೊದಲು ಒಂದು ಭಾಷೆಯವರು, ನಂತರ ಇನ್ನೊಂದು ಭಾಷೆಯವರು. ನಮ್ಮ ಕೊನೆಯ ಕೀರ್ತನೆ ಸ್ವಲ್ಪ ಉದ್ದವಾದರೆ ಮುಂದಿನವರು ಗಿಟಾರು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಕೂಟದ ವಾರ್ಷಿಕ ದಿನಕ್ಕೆ ಬೈಬಲ್ಲಿನ ಆ ಮಕ್ಕಳಿಲ್ಲದ ಹೆಂಗಸಿನ ಮೇಲೊಂದು ಸಣ್ಣ ನಾಟಕ ಬೇಕು, ನೀನೇ ಬರೆಯಬೇಕು, ನಿನಗೆ ಅವಳ ಕಷ್ಟ ಗೊತ್ತಿರುತ್ತದೆ ಎಂದು ಟೀಚರ್ ಹೇಳಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದೇ ದೊಡ್ಡ ತೊಂದರೆ. ಕೆಟ್ಟ ಮನಸ್ಸಿನವರಾಗಿದ್ದರೆ ಅಲ್ಲೇ ಜಗಳವಾಡಿ ಮುಗಿಸಬಹುದಿತ್ತು.

ಕಥೆ ನಮ್ಮವರಿಗೆಲ್ಲ ಗೊತ್ತಿರುವುದೇ. ಒಬ್ಬ ಗಂಡನಿಗೆ ಇಬ್ಬರು ಹೆಂಡಿರು. ಸವತಿಗೆ ಮಕ್ಕಳಿದ್ದಾರೆ, ಇವಳಿಗಿಲ್ಲ. ವರ್ಷಕ್ಕೊಮ್ಮೆ ಎಲ್ಲರೂ ದೇವರ ಮಂದಿರಕ್ಕೆ ಹೋದಾಗ ಸವತಿ ಚುಚ್ಚುತ್ತಾಳೆ, ಇವಳು ಊಟ ಬಿಟ್ಟು ಅಳುತ್ತಾಳೆ. ಗಂಡ ಇವಳಿಗೆ ಹೆಚ್ಚು ಬಡಿಸಿ, ನಾನಿಲ್ಲವೇ ನಿನಗೆ ಎನ್ನುತ್ತಾನೆ. ಮಂದಿರದಲ್ಲಿ ಅವಳು ದನಿಯಿಲ್ಲದೆ ತುಟಿ ಮಾತ್ರ ಅಲ್ಲಾಡಿಸಿ ಪ್ರಾರ್ಥಿಸುವುದನ್ನು ನೋಡಿ ಮುದಿ ಯಾಜಕ ಇವಳು ಕುಡಿದಿದ್ದಾಳೆಂದು ಗದರುತ್ತಾನೆ, ಆಮೇಲೆ ವಿಷಯ ತಿಳಿದು ಆಶೀರ್ವದಿಸಿ ಕಳಿಸುತ್ತಾನೆ. ಕೊನೆಗೆ ಮಗು ಹುಟ್ಟುತ್ತದೆ. ಆದರೆ ಯಾಜಕನಿಗೂ ಮಗುವಿಗೂ ನಡುವೆ ಒಂದು ಸಣ್ಣ ಸಂಗತಿ ಇದೆ, ಚರ್ಚಿನಲ್ಲಿ ಪ್ರಸಂಗ ಮಾಡುವವರು ಅದನ್ನು ದಾಟಿಯೇ ಹೋಗುತ್ತಾರೆ. ಅವಳು ಹಿಂತಿರುಗಿ ಹೋಗಿ ಊಟ ಮಾಡುತ್ತಾಳೆ. ಅವಳ ಮುಖ ಆಮೇಲೆ ಬಾಡಿರುವುದಿಲ್ಲ. ಬಸಿರು ಇನ್ನೂ ನಿಂತಿಲ್ಲ, ಕೈಯಲ್ಲಿ ಏನೂ ಇಲ್ಲ, ಸವತಿ ಪಕ್ಕದಲ್ಲೇ ಇದ್ದಾಳೆ. ಆದರೂ ಉಣ್ಣುತ್ತಾಳೆ.

ನಾನು ನಾಟಕವನ್ನು ಅಲ್ಲಿಗೆ ಮುಗಿಸಿದ್ದೆ. ನನಗೆ ಬೇಕಾಗಿದ್ದದ್ದು ಅಷ್ಟೇ: ಆ ಹೆಂಗಸು ಒಮ್ಮೆಯಾದರೂ, ಒಂದೇ ಒಂದು ವೇದಿಕೆಯ ಮೇಲಾದರೂ, ಮಗುವನ್ನು ತೋರಿಸದೆ ನಂಬಿಕೆಯವಳು ಅನಿಸಿಕೊಳ್ಳಬೇಕು.

ಟೀಚರ್ ಓದಿ, ಕೊನೆಯ ಹಾಳೆ ಎಲ್ಲಿ ಎಂದು ಕೇಳಿದರು. ಇದೇ ಕೊನೆಯದು ಎಂದೆ.

"ಅವಳು ಉಂಡಳು ಅಂತ ನಾಟಕ ಮುಗಿಸ್ಲಿಕ್ಕೆ ಆಗ್ತದಾ ಮಾರಾಯ್ತಿ? ಜನ ಮನೆಗೆ ಹೋಗಿ ಎಂತ ಹೇಳುದು, ಒಬ್ಬಳು ಊಟ ಮಾಡಿದ್ಲು ಅಂತವಾ?"

ಮಗುವಿನ ಬಗ್ಗೆ ಚಿಂತೆ ಬೇಡ, ಅದು ರೆಡಿ ಉಂಟು ಎಂದರು. ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಒಂದು ಹೊಸ ಜೋಡಿಯ ಮಗು, ಅಳುವುದೇ ಇಲ್ಲವಂತೆ, ಯಾರದ್ದೋ ಕಾರಿನಲ್ಲಿ ಬರುತ್ತದಂತೆ. 'ಕುಡಿದಿದ್ದೀಯಾ' ಎಂಬ ಮಾತನ್ನೂ ಅವರು ಹೊಡೆದುಹಾಕಿದರು, ಚರ್ಚಿನ ಹಾಲ್‌ನಲ್ಲಿ ಅದೆಲ್ಲ ಬೇಡವಂತೆ. ಯಾಜಕ ಈಗ 'ನಿನಗೆ ಹುಷಾರಿಲ್ಲವೇ' ಎಂದು ಕೇಳುತ್ತಾನೆ. ಇಷ್ಟು ವಿನಯದ ಪ್ರಶ್ನೆಗೆ ಅವಳು ಯಾಕೆ ನೊಂದುಕೊಳ್ಳುತ್ತಾಳೆ ಎಂದು ಯಾರಿಗೂ ಅರ್ಥವಾಗದು.

ಈ ಹೊತ್ತಿಗೆ ವಿಸಿಟ್ ವೀಸಾದಲ್ಲಿ ನನ್ನ ಅತ್ತೆ ಬಂದಿದ್ದರು. ಬಂದವರೇ ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ಜಾಗ ಬದಲಿಸಿದರು. ನಾಟಕದ ವಿಷಯ ಕೇಳಿ ಅವರಿಗೆ ಹೆಮ್ಮೆ. ನನ್ನ ಗಂಡ ಮನೆಗೆ ಬಂದಿದ್ದ ಒಂದು ದಿನ ಊರಿನಲ್ಲಿರುವ ತಮ್ಮ ತಂಗಿಗೆ ಫೋನ್ ಮಾಡಿದರು. ಮುಂದಿನದೆಲ್ಲ ಆದದ್ದು ಆ ಫೋನಿನಿಂದ. ನಾನು ಅಲ್ಲಿರಲಿಲ್ಲ, ಹಾಗಾಗಿ ಒಂದು ಕರೆಗೆ ನನ್ನ ಹತ್ತಿರ ಮೂರು ರೂಪಗಳಿವೆ. ಅತ್ತೆಯ ಪ್ರಕಾರ, ತಂಗಿ ಎಂತ ವಿಶೇಷ ಎಂದು ಕೇಳಿದ್ದಕ್ಕೆ ಅವರು 'ಸೊಸೆಯದ್ದು ವಿಶೇಷ ಉಂಟು' ಎಂದರು, ನಾಟಕವನ್ನು ಮನಸ್ಸಿನಲ್ಲಿಟ್ಟುಕೊಂಡು. ತಂಗಿಯ ಪ್ರಕಾರ, ಅಕ್ಕ ಹೇಳಿದ್ದು 'ಸೊಸೆಗೆ ವಿಶೇಷ ಉಂಟು' ಎಂದೇ. ಪಾತ್ರೆ ತೊಳೆಯುತ್ತಿದ್ದ ನನ್ನ ಗಂಡನ ಪ್ರಕಾರ, ಅಮ್ಮ 'ವಿಶೇಷ ಉಂಟು' ಎನ್ನುವಷ್ಟರಲ್ಲಿ ಕರೆ ಕಟ್ಟಾಯಿತು. ಇಲ್ಲಿಂದ ಮಾಡುವ ಕರೆಗಳು ಹಾಗೆಯೇ, ಬೇಕಾದಲ್ಲಿ ಕಟ್ಟಾಗುತ್ತವೆ. ಯಾವುದು ನಿಜವೋ ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ತಾಳ್ಮೆಯೂ ಉಳಿದಿಲ್ಲ.

ಸುದ್ದಿ ಕರಾಮದಿಂದ ಊರಿಗೆ ಹೋಗಿ, ಅಲ್ಲಿಂದ ಕರಾಮಕ್ಕೆ ವಾಪಸು ಬಂತು. ಟೀಚರ್ ಮನೆಗೆ ಬಂದು ನನ್ನನ್ನು ತಬ್ಬಿಕೊಂಡರು. ಅವರಿಗೆಂದು ನಾನು ಎತ್ತಿ ತಂದ ಕುರ್ಚಿಯನ್ನು, ಭಾರ ಎತ್ತಬಾರದೆಂದು, ಜೊತೆಗೆ ಬಂದವರೊಬ್ಬರು ಕಸಿದುಕೊಂಡರು. ಇಲ್ಲ ಟೀಚರ್, ವಿಶೇಷ ಎಂತದೂ ಇಲ್ಲ, ನಾಟಕದ ಮಾತು ಅದು ಎಂದು ನಾನು ಬಿಡಿಸಿ ಹೇಳಿದೆ. ಅವರು ನನ್ನ ಕೆನ್ನೆ ತಟ್ಟಿದರು.

"ಗೊತ್ತುಂಟು. ಮೂರು ತಿಂಗಳು ಆಗುವವರೆಗೆ ಹಾಗೇ ಹೇಳ್ಬೇಕು."

ಹೌದಲ್ಲ, ಮೂರು ತಿಂಗಳು ತುಂಬುವವರೆಗೆ ನಮ್ಮಲ್ಲಿ ಯಾವ ಬಸುರಿಯೂ ಬಸುರಿ ಎಂದು ಒಪ್ಪಿಕೊಳ್ಳುವುದಿಲ್ಲ. ನಾನು ಇಲ್ಲ ಎಂದಷ್ಟೂ ಹೌದಾಗುತ್ತಾ ಹೋಯಿತು. ಸಿಟ್ಟು ಮಾಡಿದೆ, ಈ ಸಮಯದಲ್ಲಿ ಸಿಟ್ಟು ಬರುವುದು ಸಹಜ ಎಂದರು. ಅತ್ತುಬಿಟ್ಟೆ, ಅದೂ ಸಹಜವಂತೆ. ಆ ಹೆಂಗಸಿನ ಪಾತ್ರವನ್ನು ಈಗ ನೀನೇ ಮಾಡಬೇಕು, ನಾಟಕದ ಕೊನೆಯಲ್ಲಿ ಮಗುವನ್ನು ಎತ್ತಿಕೊಂಡು ದೇವರು ನಿನಗೆ ಮಾಡಿದ್ದರ ಬಗ್ಗೆ ಸಾಕ್ಷಿ ಹೇಳಬೇಕು ಎಂದು ಟೀಚರ್ ಅಲ್ಲೇ ತೀರ್ಮಾನಿಸಿದರು. ನಮ್ಮ ಸಭೆಯಲ್ಲಿ ಸಾಕ್ಷಿ ಎಂದರೆ ಎಲ್ಲರ ಮುಂದೆ ನಿಂತು, ಕೇಳಿದ್ದು ಸಿಕ್ಕಿತು ಎಂದು ಹೇಳುವುದು. ಸಿಗದವರು ಎದ್ದು ನಿಂತು ಸಾಕ್ಷಿ ಹೇಳಿದ್ದನ್ನು ನಾನು ಕಂಡಿಲ್ಲ.

ಗಂಡನಿಗೆ ಫೋನ್ ಮಾಡಿದರೆ, ಹೋಗಲಿ ಬಿಡು, ಹತ್ತು ತಿಂಗಳಾದರೆ ಅವರಿಗೇ ಗೊತ್ತಾಗುತ್ತದೆ ಎಂದ. ಆ ವಾರ ಅವನು ತಂದ ಎರಡೂ ಪೊಟ್ಟಣಗಳನ್ನು ನಾನು ಮುಟ್ಟಲಿಲ್ಲ.

ಅತ್ತೆ ತೆಂಗಿನಕಾಯಿ ತುರಿಯುತ್ತಿದ್ದಾಗ ಕೇಳಿಯೇ ಬಿಟ್ಟೆ. ನೀವಾದರೂ ಎಲ್ಲರಿಗೂ ಅಲ್ಲ ಎಂದು ಹೇಳಬಾರದೇ? ನೀವು ಹೇಳಿದರೆ ನಂಬುತ್ತಾರೆ. ಅವರು ತುರಿಯುವುದನ್ನು ನಿಲ್ಲಿಸಲಿಲ್ಲ.

"ಊರಲ್ಲಿ ಚರ್ಚಿಂದ ಹೊರಗೆ ಬಂದ್ರೆ ಸಾಕು, ವಿಶೇಷ ಉಂಟಾ ಅಂತ ಕೇಳುದು. ನಾನು ಇಲ್ಲ ಹೇಳುದು. ಎಷ್ಟು ವರ್ಷ ಆಯ್ತು. ಈಗ ಈ ಸುದ್ದಿ ಹೋದ ಮೇಲೆ ಫೋನಲ್ಲೂ ಯಾರೂ ಕೇಳ್ಲಿಲ್ಲ ಮಗಾ."

"ಅದಕ್ಕೆ ನನ್ನ ಹೊಟ್ಟೆಯೇ ಬೇಕಾಯ್ತಾ ಅತ್ತೆ?"

ಅವರು ಕಾಯಿಯ ಇನ್ನೊಂದು ಹೋಳು ಕೈಗೆತ್ತಿಕೊಂಡರು. ನನಗೆ ಬಂದ ಸಿಟ್ಟಿಗೆ ಸರಿಯಾದ ಜಾಗ ಇರಲಿಲ್ಲ. ಆ ಪ್ರಶ್ನೆಗಳನ್ನು ನನ್ನ ಜೊತೆ ಇನ್ನೊಬ್ಬರೂ ಹೊರುತ್ತಿದ್ದಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಹೊಳೆದ ಮೇಲೂ ಸಿಟ್ಟು ಕಡಿಮೆಯಾಗಲಿಲ್ಲ, ಇನ್ನಷ್ಟು ಕಿರಿಕಿರಿಯಾಯಿತು. ಸ್ವಲ್ಪ ಹೊತ್ತಾದ ಮೇಲೆ ಅವರೇ, ಮಗುವಿಲ್ಲದೆ ಆ ಹೆಂಗಸು ಹೇಗೆ ಉಂಡದ್ದು ಎಂದು ಕೇಳಿದರು. ಹಸಿವಾಗಿತ್ತು ಎಂದೆ.

"ಅಷ್ಟೇಯಾ?"

"ಅಷ್ಟೇ. ದೇವರ ಹತ್ರ ಹೇಳಿ ಆಯ್ತು. ಇನ್ನು ಉಣ್ಣುದು."

ಅವರು ಕಾಯಿತುರಿ ಬಳಿದು ಮಿಕ್ಸಿಗೆ ಹಾಕಿದರು. ಮಿಕ್ಸಿಯ ಸದ್ದಿನಲ್ಲಿ ಏನೋ ಹೇಳಿದ ಹಾಗಾಯಿತು.

ಪಾತ್ರವನ್ನು ನಾನು ಒಪ್ಪಿದೆ. ಬೇರೆಯವಳಾದರೆ ಟೀಚರ್ ಕೊಟ್ಟ ಮಗುವನ್ನು ಎತ್ತಿಕೊಂಡೇ ಎತ್ತಿಕೊಳ್ಳುತ್ತಿದ್ದಳು. ಊಟದ ದೃಶ್ಯಕ್ಕೆ ಖಾಲಿ ತಟ್ಟೆ ಸಾಕು ಎಂದಿದ್ದರು. ಅತ್ತೆ ಕೇಳದೆ, ನೀರುದೋಸೆ ಕೋಳಿಸಾರು ಮಾಡಿ ಬುತ್ತಿ ಕಟ್ಟಿದರು.

ನಾಟಕದ ದಿನ ಏನೇನಾಯಿತು ಎಂದು ಬರೆಯಲು ಕೂತರೆ ನನ್ನ ನೆನಪೂ ಟೀಚರ್ ಹಾಗೆಯೇ ಆಡುತ್ತದೆ, ಕೊನೆಗೊಂದು ಮಗು ಬೇಕು ಎನ್ನುತ್ತದೆ. ಆದ್ದರಿಂದ ಕಂಡಷ್ಟನ್ನೇ ಹೇಳುತ್ತೇನೆ. ಸವತಿ ಮಾತು ಮರೆತಳು. ಯಾಜಕನ ಹತ್ತಿಯ ಗಡ್ಡ ಒಂದು ಕಡೆ ಕಳಚಿತ್ತು. ಗಾಬರಿಯಲ್ಲಿ ಆ ಪಾತ್ರದವರು ಹಳೆಯ ಮಾತನ್ನೇ ಹೇಳಿ, ನನ್ನನ್ನು ಕುಡಿದಿದ್ದೀಯಾ ಎಂದು ಗದರಿದರು. ಹಾಲ್ ನಕ್ಕಿತು. ಪ್ರಾರ್ಥನೆಯ ಹೊತ್ತಿನಲ್ಲಿ ತುಟಿ ಅಲ್ಲಾಡಿಸುವಾಗ ನಾನು ಪ್ರಾರ್ಥಿಸುತ್ತಿದ್ದೆನೋ ನಟಿಸುತ್ತಿದ್ದೆನೋ, ಅದನ್ನು ಹೇಳಲಾರೆ. ಆಮೇಲೆ ಚಾಪೆಯ ಮೇಲೆ ಕೂತು ಬುತ್ತಿ ಬಿಚ್ಚಿ ಉಣ್ಣತೊಡಗಿದೆ. ಸಾರು ಖಾರವಾಗಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ, ನಿಜವಾಗಿಯೂ ಹಸಿವಾಗಿತ್ತು.

ಪರದೆಯ ಬದಿಯಲ್ಲಿ ಟೀಚರ್ ಮಗುವನ್ನು ಹಿಡಿದು ನಿಂತಿದ್ದರು. ಸನ್ನೆ ಮಾಡಿದರು. ನಾನು ಇನ್ನೊಂದು ದೋಸೆ ತೆಗೆದುಕೊಂಡೆ. ಅಳುವುದೇ ಇಲ್ಲ ಎಂದಿದ್ದ ಮಗು ಅಳತೊಡಗಿತು. ಜನ ಕಾಯುತ್ತಿದ್ದರು. ಬಾಗಿಲಲ್ಲಿ ಮುಂದಿನ ಸಭೆಯವರ ಗಿಟಾರು ಕಾಣಿಸಿತು. ಟೀಚರ್ ಒಂದು ಹೆಜ್ಜೆ ಮುಂದಿಟ್ಟು, ಇನ್ನೇನು ಸಾಕ್ಷಿ ಎಂಬ ಮಾತು ಎತ್ತುವವರಿದ್ದರು. ಆಗ ಮುಂದಿನ ಸಾಲಿನಿಂದ ಅತ್ತೆ ಎದ್ದರು. ವೇದಿಕೆಯ ಕಡೆ ನೋಡಲಿಲ್ಲ, ಜನರ ಕಡೆ ತಿರುಗಿದರು.

"ಮುಗಿತು. ಇನ್ನು ವಿಶೇಷ ಎಂತದೂ ಇಲ್ಲ. ನಾನು ಹೇಳಿದ್ದು ನಾಟಕದ ವಿಷಯ, ಬೇರೆ ಎಂತದೂ ಅಲ್ಲ. ಅವಳು ಉಣ್ತಾ ಇದ್ದಾಳಲ್ಲ, ಉಣ್ಲಿ."

ಗಂಡ ಫೋನಿನಲ್ಲಿ ತೆಗೆದ ವಿಡಿಯೊದಲ್ಲಿ ಮಗುವಿನ ಅಳುವಿನ ಕೆಳಗೆ ಈ ಮಾತು ಅರ್ಧಂಬರ್ಧ ಕೇಳುತ್ತದೆ. 'ಬೇರೆ ಎಂತದೂ ಅಲ್ಲ' ಎಂದು ಅಮ್ಮ ಹೇಳಲೇ ಇಲ್ಲ, ಅದನ್ನು ನೀನು ಸೇರಿಸಿದ್ದೀಯ ಎಂದು ಅವನ ವಾದ. ಇರಬಹುದು. ಎದುರಿನ ಮುಖಗಳಲ್ಲಿ ಅದು ತಲುಪಿದ್ದನ್ನು ಮಾತ್ರ ನಾನು ಕಂಡಿದ್ದೇನೆ. ಒಬ್ಬೊಬ್ಬರೇ ನನ್ನ ಹೊಟ್ಟೆಯಿಂದ ಕಣ್ಣು ತೆಗೆದು ನನ್ನ ತಟ್ಟೆಯನ್ನು ನೋಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಿಟಾರಿನವರು ಒಳಗೆ ಬಂದರು. ನಾನು ತಟ್ಟೆ ಹಿಡಿದುಕೊಂಡೇ ವೇದಿಕೆ ಇಳಿದೆ.

ಹೊರಗೆ ನಾನು ಕಾರು ಹತ್ತುವಾಗ ಟೀಚರ್ ಹತ್ತಿರ ಬಂದು, ಬರುವ ವರ್ಷ ದೇವರು ಖಂಡಿತ ಕೊಡುತ್ತಾನೆ ಎಂದರು. ನನಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು. ವೇದಿಕೆಯಿಂದ ಅವರು ಎತ್ತಿಟ್ಟುಕೊಂಡಿದ್ದ ಬುತ್ತಿಯ ಮುಚ್ಚಳ ಅವರ ಚೀಲದಲ್ಲೇ ಉಳಿಯಿತು, ಇನ್ನೂ ವಾಪಸು ಬಂದಿಲ್ಲ.

ಮನೆ ಮುಟ್ಟುವ ಮೊದಲೇ ಅತ್ತೆಗೆ ಊರಿನ ತಂಗಿಯ ಫೋನ್. ಹಿಂದಿನ ಸೀಟಿನಲ್ಲಿ ಅತ್ತೆ ಸ್ಪೀಕರ್ ಹಾಕಿದರು. ನಾಟಕದ ಬಗ್ಗೆ ಕೇಳದೆ ತಂಗಿ ನೇರವಾಗಿ, ಮತ್ತೆ ಎಂತ ವಿಶೇಷ ಎಂದರು. ಅದು ಯಾವ ವಿಶೇಷವೋ ದನಿಯಿಂದ ಗೊತ್ತಾಗಲಿಲ್ಲ. ಅತ್ತೆ ಫೋನನ್ನು ಬಾಯಿಯ ಹತ್ತಿರ ಹಿಡಿದರು.

"ಎಂತ ಇಲ್ಲ. ಅವಳದ್ದು ಊಟ ಆಯ್ತು. ನಮ್ಮದು ಇನ್ನು ಆಗ್ಬೇಕು."