ಎಲ್ಲರ ಚಾಪ್‌ಸ್ಟಿಕ್ಕೂ ಹೋಯಿತು!

ಅತ್ತೆಯ ಬೆರಳಿಂದ ಚಾಪ್‌ಸ್ಟಿಕ್ ಮತ್ತೆ ಜಾರಿ ನೆಲಕ್ಕೆ ಬಿತ್ತು. ಪರದೇಶದಲ್ಲಿ ನಾವಿರುವ ಯೂನಿಯನ್‌ವಿಲ್‌ನ ಒಂದು ಪುಟ್ಟ ಜಪಾನಿ ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಧಾರವಾಡದಿಂದ ಆಗಷ್ಟೇ ಬಂದಿದ್ದ ಅತ್ತೆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, "ನನಗ ಹಸಿವಿಲ್ಲ ಬಿಡವಾ, ನೀವು ಉಣ್ರಿ" ಎಂದರು.

ಫೋರ್ಕ್ ಕೇಳಲು ನಾನು ಕೈ ಎತ್ತುವಷ್ಟರಲ್ಲಿ ಹೋಟೆಲಿನ ಒಡತಿಯೇ ಬಂದರು. ಫೋರ್ಕ್ ತರಲಿಲ್ಲ! ಅತ್ತೆಯದಷ್ಟೇ ಅಲ್ಲ, ನನ್ನ, ಗಂಡನ, ಮಗಳ ಚಾಪ್‌ಸ್ಟಿಕ್ಕುಗಳನ್ನೂ ಎತ್ತಿಕೊಂಡರು. ಎಲ್ಲರಿಗೂ ಬಿಸಿಬಿಸಿ ಒದ್ದೆ ಟವೆಲ್ ಕೊಟ್ಟು, ಸುಶಿಯ ಅನ್ನದ ತುಂಡನ್ನು ಬೆರಳಲ್ಲೇ ಎತ್ತಿ ಬಾಯಿಗಿಡುವುದನ್ನು ನಗುತ್ತಾ ಅಭಿನಯಿಸಿ ತೋರಿಸಿದರು. ಜಪಾನಿನಲ್ಲಿ ಸುಶಿಯನ್ನು ಹಾಗೆ ತಿನ್ನುವ ರೂಢಿಯೂ ಇದೆಯಂತೆ.

ಅತ್ತೆಯ ಮುಖ ಅರಳಿತು. "ಅಯ್ಯ, ಇವರೂ ನಮ್ಮಂಗ ಕೈಲೇ ಉಣ್ಣೋ ಮಂದಿ!" ಸೌತೆಕಾಯಿ ಸುಶಿಯ ತಟ್ಟೆ ನೋಡನೋಡುತ್ತಲೇ ಖಾಲಿಯಾಯಿತು.

ನಾನು ಕ್ಲಿನಿಕ್ಕುಗಳ ಬುಕಿಂಗ್ ಆ್ಯಪ್ ಡಿಸೈನ್ ಮಾಡುವವಳು. ದೊಡ್ಡ ಅಕ್ಷರ ಬೇಕೆಂದರೆ ಅದರಲ್ಲಿ 'ಹಿರಿಯ ನಾಗರಿಕರು' ಎಂಬ ಬೇರೆ ಬಟನ್ ಒತ್ತಬೇಕಿತ್ತು. ಸೋಮವಾರ ಆಫೀಸಿಗೆ ಹೋದವಳೇ ಆ ಬಟನ್ ಕಿತ್ತುಹಾಕಿದೆ. ಈಗ ನಮ್ಮ ಆ್ಯಪಿನಲ್ಲಿ ಎಲ್ಲರಿಗೂ ಅಕ್ಷರ ದೊಡ್ಡದು. ಯಾರೂ ಮುದುಕರಲ್ಲ!